ತಾಯ್ತನ, ಆಕ್ರಮಣ ಮತ್ತು ಮಿದುಳಿನ ಹಾರ್ಮೋನುಗಳು: ದಂಶಕಗಳ ಅಧ್ಯಯನದ ಒಂದು ವಿಮರ್ಶೆ

ಇನ್ನೂ ಮರಿ ಹಾಕದ ಹೆಣ್ಣಿಲಿಯ ಪಂಜರದಲ್ಲಿ ಆಗ ತಾನೇ ಹುಟ್ಟಿದ ಮರಿಗಳನ್ನು ಇರಿಸಿದರೆ ಅದು ಅವುಗಳನ್ನು ಮೂಸಿ ನೋಡಿ ಹಿಂದೆ ಸರಿಯುತ್ತದೆ. ಪಂಜರದ ದೂರದ ಮೂಲೆಯನ್ನು ಸೇರಿಕೊಳ್ಳುತ್ತದೆ. ಕೆಲವೊಮ್ಮೆ ಮರಿಗಳನ್ನು ಕೊಂದು ತಿನ್ನುವುದೂ ಉಂಟು. ಅದೇ ಹೆಣ್ಣಿಲಿ ಗಬ್ಬ ಧರಿಸಿ ಈಯುವ ಹೊತ್ತಿಗೆ ಬೇರೆಯೇ ಪ್ರಾಣಿಯಾಗಿರುತ್ತದೆ. ಗೂಡು ಕಟ್ಟುತ್ತದೆ, ಚದುರಿದ ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಗೂಡಿಗೆ ತರುತ್ತದೆ, ನೆಕ್ಕಿ ಶುಚಿಗೊಳಿಸುತ್ತದೆ, ಬೆನ್ನನ್ನು ಕಮಾನಿನಂತೆ ಬಾಗಿಸಿ ಮರಿಗಳ ಮೇಲೆ ಕವಿದು ಹಾಲೂಡಿಸುತ್ತದೆ. ಈ ಹಂತದಲ್ಲಿ ಅಪರಿಚಿತ ಇಲಿಯೊಂದನ್ನು ಅದೇ ಪಂಜರದೊಳಕ್ಕೆ ಬಿಟ್ಟರೆ ತಾಯಿ ಅದರ ಮೇಲೆರಗಿ ಕಚ್ಚುತ್ತದೆ. ಮೈಯಲ್ಲಿ ತನಗಿಂತ ದೊಡ್ಡದಾದ ಗಂಡಾದರೂ ಹಿಂಜರಿಯುವುದಿಲ್ಲ. ಸೆಣಸಾಟ ಮುಗಿದೊಡನೆ ಮತ್ತೆ ಗೂಡಿಗೆ ಮರಳಿ ಮರಿಗಳ ಮೇಲೆ ಕವಿದುಕೊಳ್ಳುತ್ತದೆ. ಒಂದಕ್ಕೊಂದು ವಿರುದ್ಧವೆಂದು ತೋರುವ ಈ ಎರಡು ವರ್ತನೆಗಳು ಒಂದೇ ಜೀವದಲ್ಲಿ ಒಂದೇ ಅವಧಿಯಲ್ಲಿ ಕಾಣಿಸಿಕೊಂಡು, ಮರಿಗಳು ಹಾಲು ಬಿಡುವ ಕಾಲಕ್ಕೆ ಎರಡೂ ಇಳಿಮುಖವಾಗುತ್ತವೆ.

ಈ ಮಾರ್ಪಾಟಿಗೆ ಕಾರಣವೇನು ಎಂಬ ಪ್ರಶ್ನೆಗೆ ಇಪ್ಪತ್ತನೆಯ ಶತಮಾನದ ಶರೀರ ವಿಜ್ಞಾನವು ಕೊಟ್ಟ ಉತ್ತರ ‘ಹಾರ್ಮೋನು’. ಈ ಉತ್ತರವನ್ನು ತಪ್ಪೆಂದು ತಳ್ಳಿಹಾಕುವಂತಿಲ್ಲ. ಆದರೆ ಪ್ರಯೋಗಾಲಯದ ಪ್ರಬಂಧಗಳಿಂದ ಸಮೀಕ್ಷಾ ಲೇಖನಗಳಿಗೆ, ಅಲ್ಲಿಂದ ಪಠ್ಯಪುಸ್ತಕಗಳಿಗೆ, ಕೊನೆಗೆ ಪತ್ರಿಕೆಗಳ ವಿಜ್ಞಾನ ಪುಟಗಳಿಗೆ ಇಳಿದು ಬರುವಾಗ ಅದು ಪಡೆದುಕೊಂಡ ರೂಪ ಮೂಲ ಪ್ರಯೋಗಗಳು ಹೇಳಿದ್ದಕ್ಕಿಂತ ಬಹಳ ಬೇರೆ. ಆಕ್ಸಿಟೋಸಿನ್ ‘ಮಮತೆಯ ಹಾರ್ಮೋನು’ ಎಂಬ ಹೆಸರು ಆ ರೂಪಾಂತರದ ಎದ್ದುಕಾಣುವ ಫಲ. ಆ ಹೆಸರನ್ನು ದಂಶಕಗಳ ಮೇಲೆ ನಡೆದ ಪ್ರಯೋಗಗಳೇ ಎಷ್ಟರಮಟ್ಟಿಗೆ ಸಮರ್ಥಿಸುತ್ತವೆ ಎಂಬುದು ಇಲ್ಲಿಯ ಪರಿಶೀಲನೆಯ ವಿಷಯ.

ಮೊದಲಿಗೆ ಪದಗಳ ಬಗ್ಗೆ ಒಂದು ಸ್ಪಷ್ಟನೆ ಅಗತ್ಯ. ಕನ್ನಡದ ವಿಜ್ಞಾನ ಬರಹಗಳಲ್ಲಿ ರ‍್ಯಾಟ್ ಮತ್ತು ಮೌಸ್ ಎರಡನ್ನೂ ‘ಇಲಿ’ ಎಂದೇ ಕರೆಯುವುದು ರೂಢಿ. ದಿನಬಳಕೆಗೆ ಇದು ಸಾಕು. ಪ್ರಸ್ತುತ ವಿಷಯದಲ್ಲಿ ಮಾತ್ರ ಇದರಿಂದ ಗೊಂದಲವುಂಟಾಗುತ್ತದೆ. ಪ್ರಯೋಗಾಲಯದ ರ‍್ಯಾಟ್ ಜಾತಿಯಲ್ಲಿ ಮರಿ ಹಾಕದ ಹೆಣ್ಣು ಮರಿಗಳಿಗೆ ಹೆದರಿ ದೂರ ಸರಿದರೆ, ಪ್ರಯೋಗಾಲಯದ ಮೌಸ್‌ನ ಹಲವು ತಳಿಗಳಲ್ಲಿ ಮರಿ ಹಾಕದ ಹೆಣ್ಣೂ ಅಲ್ಪ ಸಮಯದಲ್ಲೇ ಮರಿಗಳ ಆರೈಕೆಗೆ ತೊಡಗುತ್ತದೆ. ಕಾಡು ಮೌಸ್‌ನಲ್ಲಿ ಸ್ಥಿತಿ ಮತ್ತೆ ಬೇರೆ. ಅಲ್ಲಿ ಅಂಥ ಹೆಣ್ಣು ಮರಿಗಳನ್ನು ಕೊಲ್ಲುವುದು ಅಪರೂಪವಲ್ಲ. ಒಂದು ಜಾತಿಯಲ್ಲಿ ಹಾರ್ಮೋನಿನ ನೆರವಿಲ್ಲದೆ ನಡೆಯದ ಕೆಲಸ ಇನ್ನೊಂದರಲ್ಲಿ ತಾನಾಗಿಯೇ ನಡೆಯುತ್ತಿದ್ದರೆ ಎರಡರ ಫಲಿತಾಂಶಗಳನ್ನು ‘ಇಲಿಗಳಲ್ಲಿ ಕಂಡುಬಂದಿದೆ’ ಎಂಬ ಒಂದೇ ವಾಕ್ಯದಲ್ಲಿ ಸೇರಿಸುವುದು ಸಾಧುವಲ್ಲ. ಆದ್ದರಿಂದ ಇಲ್ಲಿ ರ‍್ಯಾಟ್‌ಗೆ ‘ಇಲಿ’ ಎಂದೂ ಮೌಸ್‌ಗೆ ‘ಚಿಟ್ಟಿಲಿ’ ಎಂದೂ ಬಳಸಲಾಗಿದೆ.

ಈ ಕ್ಷೇತ್ರದ ಇತಿಹಾಸದಲ್ಲಿ ಅಮೆರಿಕದ ರಟ್‌ಗರ್ಸ್ ವಿಶ್ವವಿದ್ಯಾಲಯದ ಜೇ ರೋಸೆನ್‌ಬ್ಲಾಟ್ ಅವರ ಸ್ಥಾನ ವಿಶಿಷ್ಟವಾದುದು. ಜೋಸೆಫ್ ಟರ್ಕೆಲ್ ಅವರೊಡನೆ 1968ರಲ್ಲಿ ಅವರು ಪ್ರಕಟಿಸಿದ ಪ್ರಯೋಗದಲ್ಲಿ, ಆಗಷ್ಟೇ ಈದ ಇಲಿಯ ರಕ್ತದ ಪ್ಲಾಸ್ಮಾವನ್ನು ಮರಿ ಹಾಕದ ಹೆಣ್ಣಿಲಿಗೆ ಚುಚ್ಚಿದಾಗ ಅದು ಮರಿಗಳನ್ನು ಆರೈಕೆ ಮಾಡಲು ತೆಗೆದುಕೊಳ್ಳುವ ಅವಧಿ ಗಣನೀಯವಾಗಿ ತಗ್ಗಿತು. 1972ರ ಪ್ರಯೋಗ ಇನ್ನೂ ಸಾಹಸದ್ದು. ಎರಡು ಇಲಿಗಳ ರಕ್ತನಾಳಗಳಿಗೆ ಸಪೂರ ಕೊಳವೆಗಳನ್ನು ಜೋಡಿಸಿ, ಅವು ಪಂಜರದಲ್ಲಿ ಸ್ವತಂತ್ರವಾಗಿ ಓಡಾಡಿಕೊಂಡಿರುವಾಗಲೇ, ಒಂದರ ರಕ್ತ ಇನ್ನೊಂದಕ್ಕೆ ಹರಿಯುವಂತೆ ಮಾಡಲಾಯಿತು. ಆಗಷ್ಟೇ ಈದ ತಾಯಿಯ ರಕ್ತ ಪಡೆದ ಹೆಣ್ಣಿಲಿಗಳು ಸರಾಸರಿ ಸುಮಾರು 15 ಗಂಟೆಗಳಲ್ಲಿ ತಾಯಿಯಂತೆ ವರ್ತಿಸತೊಡಗಿದವು. ಈಯುವುದಕ್ಕೆ ಒಂದು ದಿನ ಮುಂಚಿನ ಅಥವಾ ಈದು ಒಂದು ದಿನ ಕಳೆದ ತಾಯಿಯ ರಕ್ತಕ್ಕೆ ಆ ಶಕ್ತಿ ಇರಲಿಲ್ಲ. ರಕ್ತದಲ್ಲಿ ಏನೋ ಇದೆ, ಅದು ಈಯುವ ಗಳಿಗೆಯ ಆಸುಪಾಸಿನಲ್ಲಿ ಮಾತ್ರ ಇದೆ ಎಂಬುದು ಇದರಿಂದ ನಿಶ್ಚಿತವಾಯಿತು.

ರಕ್ತದ ಪ್ರಯೋಗಗಳು ಪಠ್ಯಗಳಲ್ಲಿ ನೆಲೆಗೊಂಡಿವೆ. ಆದರೆ ಇದೇ ರೋಸೆನ್‌ಬ್ಲಾಟ್ ಅವರು ಅದಕ್ಕೂ ಮುನ್ನ, 1967ರಲ್ಲಿ, ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪುಟ್ಟ ಪ್ರಬಂಧಕ್ಕೆ ಅಷ್ಟು ಪ್ರಸಿದ್ಧಿ ದಕ್ಕಲಿಲ್ಲ. ಇಲಿಯ ತಾಯ್ತನದ ಹಾರ್ಮೋನೇತರ ಆಧಾರವನ್ನು ಕುರಿತದ್ದು ಆ ಪ್ರಬಂಧ. ಮರಿ ಹಾಕದ ಹೆಣ್ಣಿಲಿಗಳು, ಅಂಡಾಶಯ ತೆಗೆದುಹಾಕಿದವು, ಪಿಟ್ಯುಟರಿ ಗ್ರಂಥಿ ತೆಗೆದುಹಾಕಿದವು, ಗಂಡಿಲಿಗಳು, ಬೀಜ ತೆಗೆದ ಗಂಡಿಲಿಗಳು - ಇಷ್ಟೂ ಬಗೆಯವುಗಳ ಬಳಿ ಎಳೆಯ ಮರಿಗಳನ್ನು 10ರಿಂದ 15 ದಿನಗಳವರೆಗೆ ಸತತವಾಗಿ ಇರಿಸಲಾಯಿತು. ಮೊದಲು ಅವು ಮರಿಗಳನ್ನು ಕಂಡು ದೂರ ಸರಿದವು. ದಿನಗಳು ಕಳೆದಂತೆ ಹತ್ತಿರ ಬಂದವು. ಮುಂದೆ ನೆಕ್ಕಿದವು, ಗೂಡು ಕಟ್ಟಿದವು, ಮರಿಗಳನ್ನು ಎತ್ತಿ ತಂದವು, ಅವುಗಳ ಮೇಲೆ ಕವಿದು ಕುಳಿತವು. ಈ ಗುಂಪುಗಳ ನಡುವೆ ತೆಗೆದುಕೊಂಡ ಸಮಯದಲ್ಲಿ ಗಮನಾರ್ಹ ವ್ಯತ್ಯಾಸವಿರಲಿಲ್ಲ. ಹಾಲಿಲ್ಲದ ಗಂಡಿಲಿಯೂ ಹಾಲೂಡಿಸುವ ಭಂಗಿಯಲ್ಲಿ ಕುಳಿತಿತ್ತು. ಆರೈಕೆಯ ಸಾಮರ್ಥ್ಯ ಹೆಣ್ಣು ಗಂಡೆಂಬ ಭೇದವಿಲ್ಲದೆ ಮಿದುಳಿನಲ್ಲಿ ಮೊದಲೇ ಇದೆ. ಅದಕ್ಕೆ ಹಾರ್ಮೋನು ಅನಿವಾರ್ಯವಲ್ಲ ಎಂಬುದು ಅದರ ತಾತ್ಪರ್ಯ.

ಎರಡೂ ಪ್ರಯೋಗಗಳು ಒಬ್ಬರೇ ವಿಜ್ಞಾನಿಯವು. ಅವುಗಳ ನಡುವೆ ವಿರೋಧವೂ ಇಲ್ಲ. ಮರಿಗಳ ಸಹವಾಸದಿಂದ ಹಲವು ದಿನಗಳಲ್ಲಿ ಮೂಡುವುದನ್ನು ಹಾರ್ಮೋನು ಕೆಲವು ಗಂಟೆಗಳಲ್ಲಿ ಮೂಡಿಸುತ್ತದೆ. ಹುಟ್ಟಿದ ಮರಿ ವಾರಗಟ್ಟಲೆ ಕಾಯಲಾರದು. ಈದ ಕೂಡಲೇ ತಾಯಿ ಸಿದ್ಧವಾಗಿರಬೇಕು. ಆ ಸಿದ್ಧತೆಯ ತ್ವರೆ ಹಾರ್ಮೋನಿನ ಕೆಲಸ. ಹಾರ್ಮೋನನ್ನು ತಾಯ್ತನದ ಮೂಲವೆಂದು ಬಗೆಯುವವರು 1968 ಮತ್ತು 1972ರ ಪ್ರಬಂಧಗಳನ್ನು ಓದಿ 1967ರದನ್ನು ಓದದೆ ಬಿಟ್ಟವರೆಂದೇ ಹೇಳಬೇಕಾಗುತ್ತದೆ.

ರಕ್ತದಲ್ಲಿದ್ದ ಆ ‘ಏನೋ’ ಯಾವುದೆಂಬ ಶೋಧ ಮುಂದಿನ ದಶಕಗಳಲ್ಲಿ ನಡೆಯಿತು. ಗಬ್ಬದ ಕೊನೆಯಲ್ಲಿ ಪ್ರೊಜೆಸ್ಟರಾನ್ ಕುಸಿಯುವುದು, ಈಸ್ಟ್ರೊಜೆನ್ ಏರುವುದು, ಜೊತೆಗೆ ಪ್ರೊಲ್ಯಾಕ್ಟಿನ್ - ಈ ಅನುಕ್ರಮವೇ ಮುಖ್ಯವೆಂದು ತಿಳಿದುಬಂತು. ಮೈಕೇಲ್ ನ್ಯೂಮನ್ ಅವರು 1974ರಲ್ಲಿ ಹೈಪೊಥಲಾಮಸ್‌ನ ಮುಂಭಾಗಕ್ಕೆ ಹೊಂದಿಕೊಂಡ ಮಧ್ಯ ಪೂರ್ವದೃಷ್ಟಿ ವಲಯಕ್ಕೆ ಹಾನಿಯಾದರೆ ತಾಯಿ ಇಲಿಯ ಆರೈಕೆ ನಿಂತುಹೋಗುತ್ತದೆಂದು ತೋರಿಸಿದರು. ರಾಬರ್ಟ್ ಬ್ರಿಜಸ್ ಮತ್ತು ಸಂಗಡಿಗರು 1985ರಲ್ಲಿ ಪ್ರೊಲ್ಯಾಕ್ಟಿನ್‌ನ ಪಾತ್ರವನ್ನೂ, 1990ರಲ್ಲಿ ಅದು ಮಿದುಳಿನೊಳಗೇ ಕೆಲಸ ಮಾಡುವುದನ್ನೂ ಸ್ಥಾಪಿಸಿದರು. ಪ್ರೊಲ್ಯಾಕ್ಟಿನ್‌ನ ಗ್ರಾಹಕವಿಲ್ಲದ ಚಿಟ್ಟಿಲಿಗಳ ಆರೈಕೆಯಲ್ಲಿ ಕೊರತೆ ಕಂಡದ್ದು 1998ರಲ್ಲಿ. ಇಷ್ಟು ಭದ್ರವಾದ ಆಧಾರವಿದ್ದರೂ ಪ್ರೊಲ್ಯಾಕ್ಟಿನ್‌ಗೆ ‘ಮಮತೆಯ ಹಾರ್ಮೋನು’ ಎಂಬ ಪಟ್ಟ ಸಿಗಲಿಲ್ಲ. ಅದು ಆಕ್ಸಿಟೋಸಿನ್‌ಗೆ ಸಂದಿತು.

ಆಕ್ಸಿಟೋಸಿನ್ ಒಂಬತ್ತು ಅಮೈನೋ ಆಮ್ಲಗಳ ಪುಟ್ಟ ಸರಪಳಿ. ಪಿಟ್ಯುಟರಿಯ ಸಾರ ಗರ್ಭಕೋಶವನ್ನು ಸಂಕುಚಿಸುತ್ತದೆಂದು 1906ರಲ್ಲಿ ಹೆನ್ರಿ ಡೇಲ್ ಗುರುತಿಸಿದರು. ವಿನ್ಸೆಂಟ್ ಡು ವಿನ್ಯೋ ಅವರು 1953ರಲ್ಲಿ ಅದರ ರಚನೆಯನ್ನು ಬಿಡಿಸಿ, ಕೃತಕವಾಗಿ ತಯಾರಿಸಿದರು. 1955ರ ರಸಾಯನ ವಿಜ್ಞಾನದ ನೊಬೆಲ್ ಪ್ರಶಸ್ತಿ ಅವರಿಗೆ ಸಂದಿತು. ಹೆರಿಗೆಯ ನೋವು ತರುವುದು, ಹಾಲು ಇಳಿಸುವುದು - ಇವೆರಡು ಅದರ ಪ್ರಸಿದ್ಧ ಕೆಲಸಗಳು. ಕನ್ನಡನಾಡಿನ ಹೈನುಗಾರರು ಅದನ್ನು ಬಲ್ಲದ್ದೂ ಹಾಲು ಇಳಿಸುವ ಇಂಜೆಕ್ಷನ್ನಿನ ರೂಪದಲ್ಲೇ. ಹೈನುಗಾರಿಕೆಯಲ್ಲಿ ಅದರ ದುರುಪಯೋಗ ತಡೆಯಲೆಂದು 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ದೇಶೀಯ ಬಳಕೆಯ ಆಕ್ಸಿಟೋಸಿನ್ ತಯಾರಿಕೆಯನ್ನು ಬೆಂಗಳೂರಿನ ಸಾರ್ವಜನಿಕ ಉದ್ಯಮವಾದ ಕರ್ನಾಟಕ ಆಂಟಿಬಯೋಟಿಕ್ಸ್ ಅಂಡ್ ಫಾರ್ಮಾಸ್ಯೂಟಿಕಲ್ಸ್‌ಗೆ ಮಾತ್ರ ಸೀಮಿತಗೊಳಿಸಿತ್ತು; ಅದೇ ವರ್ಷದ ಡಿಸೆಂಬರ್‌ನಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಆ ಆದೇಶವನ್ನು ರದ್ದುಪಡಿಸಿತು. ಕೊಟ್ಟಿಗೆಯ ಈ ಆಕ್ಸಿಟೋಸಿನ್ ರಕ್ತದ್ದು. ವರ್ತನೆಯ ಪ್ರಶ್ನೆ ಬಂದಾಗ ಗಮನಿಸಬೇಕಾದ್ದು ಮಿದುಳಿನೊಳಗೆ ನರಕೋಶಗಳು ಪ್ರತ್ಯೇಕವಾಗಿ ಬಿಡುಗಡೆ ಮಾಡುವ ಆಕ್ಸಿಟೋಸಿನ್ನನ್ನು. ರಕ್ತದಲ್ಲಿರುವುದು ಮಿದುಳಿನೊಳಕ್ಕೆ ದಾಟುವುದು ಅತ್ಯಲ್ಪ. ಜನಪ್ರಿಯ ಬರಹಗಳು ಮೊಟ್ಟಮೊದಲು ಎಡವುವುದು ಇಲ್ಲಿಯೇ. ರಕ್ತದಲ್ಲಿ ಅಳೆದದ್ದನ್ನು ಮಿದುಳಿನ ಸ್ಥಿತಿಯೆಂದು ಅವು ಭಾವಿಸುತ್ತವೆ.

ಕಾರ್ಟ್ ಪೆಡರ್ಸನ್ ಮತ್ತು ಆರ್ಥರ್ ಪ್ರಾಂಜ್ ಅವರು 1979ರಲ್ಲಿ ಆಕ್ಸಿಟೋಸಿನ್ನನ್ನು ಮರಿ ಹಾಕದ ಹೆಣ್ಣಿಲಿಗಳ ಮಿದುಳಿನ ಕುಹರಕ್ಕೆ ನೇರವಾಗಿ ಸೇರಿಸಿದರು. ಹಲವು ಇಲಿಗಳು ಎರಡು ಗಂಟೆಯೊಳಗೆ ಪೂರ್ಣ ತಾಯ್ತನವನ್ನು ತೋರಿದವು. ಈಸ್ಟ್ರೊಜೆನ್ ಪ್ರಭಾವವಿದ್ದಾಗ ಮಾತ್ರ ಹೀಗಾಗುತ್ತಿತ್ತು. ಫಲಿತಾಂಶ ಬೆರಗುಗೊಳಿಸುವಂಥದು. ಆದರೆ ಬೇರೆ ಕೆಲವು ಪ್ರಯೋಗಾಲಯಗಳಲ್ಲಿ ಅದು ಮರುಕಳಿಸಲಿಲ್ಲ. ಈ ವೈಫಲ್ಯಗಳನ್ನು ಯಾರದೋ ಕೈತಪ್ಪೆಂದು ಬದಿಗೆ ಸರಿಸದೆ, ಅವುಗಳ ಕಾರಣವನ್ನೇ ಹುಡುಕಿದ್ದು ಈ ಕ್ಷೇತ್ರದ ಅತ್ಯಂತ ಫಲಪ್ರದ ಕೆಲಸ. ಸೂಸನ್ ಫಾರ್‌ಬಾಕ್ ಮತ್ತು ಸಂಗಡಿಗರು 1986ರಲ್ಲಿ ಕಂಡುಕೊಂಡಂತೆ, ಆಕ್ಸಿಟೋಸಿನ್‌ನ ಪರಿಣಾಮ ಪರೀಕ್ಷೆಯ ಪಂಜರಕ್ಕೆ ಇಲಿ ಎಷ್ಟು ಹೊತ್ತು ಒಗ್ಗಿಕೊಂಡಿತ್ತು ಎಂಬುದನ್ನು ಅವಲಂಬಿಸಿತ್ತು. ಪಂಜರ ಹೊಸದಾಗಿದ್ದರೆ ಪರಿಣಾಮ ಕಾಣುತ್ತಿತ್ತು, ಹಳತಾದಷ್ಟೂ ಮಂಕಾಗುತ್ತಿತ್ತು. ಮರುವರ್ಷ ಮರಿಯಾನ್ ವಾಂಬೋಲ್ಟ್ ಮತ್ತು ಥಾಮಸ್ ಇನ್ಸೆಲ್ ಅವರು ಘ್ರಾಣಶಕ್ತಿಯ ಪಾತ್ರವನ್ನು ಮುಂದಿಟ್ಟರು. ಇಲ್ಲಿ ಇನ್ನೊಂದು ಹಳೆಯ ಪ್ರಯೋಗ ನೆನಪಿಗೆ ಬರಬೇಕು. ಅಲಿಸನ್ ಫ್ಲೆಮಿಂಗ್ ಮತ್ತು ರೋಸೆನ್‌ಬ್ಲಾಟ್ ಅವರು 1974ರಷ್ಟು ಹಿಂದೆಯೇ, ಯಾವ ಹಾರ್ಮೋನನ್ನೂ ಕೊಡದೆ ವಾಸನೆ ತಿಳಿಯುವ ಶಕ್ತಿಯನ್ನಷ್ಟೇ ಕುಂದಿಸಿದರೂ, ಮರಿ ಹಾಕದ ಹೆಣ್ಣಿಲಿ ಬೇಗನೆ ಮರಿಗಳನ್ನು ಆರೈಕೆ ಮಾಡುತ್ತದೆಂದು ತೋರಿಸಿದ್ದರು.

ಇವೆಲ್ಲವನ್ನೂ ಒಟ್ಟಿಗೆ ಓದಿದಾಗ ಮೂಡುವ ಚಿತ್ರ ಬೇರೆ. ಮರಿಯ ವಾಸನೆ ಆ ಹೆಣ್ಣಿಲಿಗೆ ಅಪರಿಚಿತವಾದ, ಅಂಜಿಕೆ ಹುಟ್ಟಿಸುವ ವಾಸನೆ. ಆರೈಕೆಗೆ ಅಡ್ಡಿಯಾಗಿರುವುದು ಪ್ರೀತಿಯ ಅಭಾವವಲ್ಲ, ಅಂಜಿಕೆ. ಸಹವಾಸ ಆ ಅಂಜಿಕೆಯನ್ನು ನಿಧಾನವಾಗಿ ಕಳೆಯುತ್ತದೆ. ಮೂಗು ಕೆಟ್ಟರೆ ಅಂಜಿಕೆಯ ಕಾರಣವೇ ಇಲ್ಲವಾಗುತ್ತದೆ. ಹಾರ್ಮೋನು ಅದನ್ನು ಒಮ್ಮೆಲೇ ತಗ್ಗಿಸುತ್ತದೆ. ಮರಿಯತ್ತ ಸೆಳೆಯುವ ಕೆಲಸದಲ್ಲೂ ಹಾರ್ಮೋನುಗಳಿಗೆ ಪಾಲಿದೆ ಎನ್ನುವುದು ನಿಜ. ಆದರೂ ಆಕ್ಸಿಟೋಸಿನ್ ಮಮತೆಯನ್ನು ಸೃಷ್ಟಿಸಿತು ಎಂಬ ವಾಕ್ಯಕ್ಕೆ 1979ರ ಪ್ರಯೋಗದಲ್ಲಿ ಆಧಾರವಿಲ್ಲ.

ಆಕ್ಸಿಟೋಸಿನ್‌ಗೆ ಪಾತ್ರವೇ ಇಲ್ಲವೆಂಬ ಇನ್ನೊಂದು ಅತಿರೇಕಕ್ಕೂ ಹೋಗಬೇಕಾಗಿಲ್ಲ. ಈದ ಹೊಸತರಲ್ಲಿ ಆಕ್ಸಿಟೋಸಿನ್ನನ್ನು ತಡೆಯುವ ರಾಸಾಯನಿಕವನ್ನು ಮಿದುಳಿಗೆ ಸೇರಿಸಿದರೆ ತಾಯಿ ಇಲಿಯ ಆರೈಕೆ ತಡವಾಗುತ್ತದೆಂದು 1987ರಲ್ಲಿ ಫಾನ್ ಲೇನ್‌ಗುಡ್ ಮತ್ತು ಸಂಗಡಿಗರು ತೋರಿಸಿದರು. ಗಮನಿಸಬೇಕಾದ್ದೆಂದರೆ, ಆರೈಕೆ ಒಮ್ಮೆ ನೆಲೆಗೊಂಡ ಮೇಲೆ ಅದನ್ನು ತಡೆದರೂ ತಾಯಿಯ ವರ್ತನೆ ಅಷ್ಟಾಗಿ ಕದಲುವುದಿಲ್ಲ. ಚಿಟ್ಟಿಲಿಯಲ್ಲಿ 2015ರಲ್ಲಿ ರಾಬರ್ಟ್ ಫ್ರೋಮ್ಕೆ ಅವರ ತಂಡ ಇದಕ್ಕೆ ಸಮಾನವಾದುದನ್ನು ಕಂಡಿತು. ಗೂಡಿನಿಂದ ಹೊರಬಿದ್ದ ಮರಿ ಮನುಷ್ಯರ ಕಿವಿಗೆ ಕೇಳದ ಶ್ರವಣಾತೀತ ದನಿಯಲ್ಲಿ ಕೂಗುತ್ತದೆ. ಎಡ ಮಿದುಳಿನ ಶ್ರವಣ ವಲಯದಲ್ಲಿ ಆಕ್ಸಿಟೋಸಿನ್ ಕೆಲಸ ಮಾಡಿದಾಗ ಮರಿ ಹಾಕದ ಹೆಣ್ಣಿಗೂ ಆ ಕೂಗು ಅರ್ಥಪೂರ್ಣವಾಗಿ, ಮರಿಯನ್ನು ಎತ್ತಿ ತರುವುದನ್ನು ಅದು ಬೇಗ ಕಲಿಯುತ್ತದೆ. ಕಲಿತ ಮೇಲೆ ಆಕ್ಸಿಟೋಸಿನ್‌ನ ನೆರವು ಬೇಕಾಗುವುದಿಲ್ಲ. ಇದೇ ತಂಡದ 2021ರ ಅಧ್ಯಯನದಲ್ಲಿ ಇನ್ನೂ ಸ್ವಾರಸ್ಯಕರವಾದ ಸಂಗತಿಯೊಂದು ದಾಖಲಾಗಿದೆ: ತಾಯಿ ಚಿಟ್ಟಿಲಿ ತನ್ನೊಡನಿರುವ, ಮರಿ ಹಾಕದ ಹೆಣ್ಣನ್ನು ಗೂಡಿನತ್ತ ಅಟ್ಟಿಕೊಂಡು ಹೋಗುತ್ತದೆ, ತಾಯಿ ಮಾಡುವುದನ್ನು ನೋಡಿಯೇ ಆ ಹೆಣ್ಣು ಕಲಿಯುತ್ತದೆ. ಆ ಕಲಿಕೆಯ ವೇಳೆ ಅದರ ಮಿದುಳಿನ ಆಕ್ಸಿಟೋಸಿನ್ ನರಕೋಶಗಳು ಚುರುಕಾಗುತ್ತವೆ. ಬಾಣಂತಿಯ ಮನೆಯಲ್ಲಿ ಹಿರಿಯರ ಕೈಕೆಳಗೆ ಮಗುವನ್ನು ಎತ್ತಿಕೊಳ್ಳಲು ಕಲಿಯುವ ಎಳೆಯರ ನೆನಪು ಇಲ್ಲಿ ಬಂದರೆ ಆಶ್ಚರ್ಯವಿಲ್ಲ. ಆ ಹೋಲಿಕೆಯನ್ನು ಸಾಕ್ಷ್ಯವೆಂದು ಮಾತ್ರ ಹಿಡಿಯಬಾರದು.

ವಂಶವಾಹಿಗಳನ್ನು ತೆಗೆದುಹಾಕುವ ತಂತ್ರ ಕೈಗೂಡಿದಾಗ ಪ್ರಶ್ನೆಗೆ ನೇರ ಉತ್ತರ ಸಿಗುವ ನಿರೀಕ್ಷೆಯಿತ್ತು. 1996ರಲ್ಲಿ ಆಕ್ಸಿಟೋಸಿನ್ ವಂಶವಾಹಿಯೇ ಇಲ್ಲದ ಚಿಟ್ಟಿಲಿಗಳನ್ನು ರೂಪಿಸಲಾಯಿತು. ಅವು ಸಹಜವಾಗಿ ಈದವು. ಮರಿಗಳನ್ನು ಆರೈಕೆ ಮಾಡಿದವು. ಹಾಲು ಮಾತ್ರ ಇಳಿಯಲಿಲ್ಲ, ಮರಿಗಳು ಸತ್ತವು. ತಾಯಿ ಮಗ್ಗುಲಲ್ಲೇ ಇದ್ದು, ಮರಿಗಳನ್ನು ಕವಿದುಕೊಂಡಿದ್ದು, ಹಾಲಿಲ್ಲದೆ ಮರಿಗಳು ಸತ್ತ ಈ ದೃಶ್ಯ ‘ಮಮತೆಯ ಹಾರ್ಮೋನು’ ಎಂಬ ಹೆಸರಿಗೆ ತಿರುಗೇಟಿನಂತಿದೆ. ಮಮತೆಯೆಂದು ಕರೆಯಬಹುದಾದುದೆಲ್ಲ ಅಲ್ಲಿತ್ತು. ಇಲ್ಲದಿದ್ದದ್ದು ಕೆಚ್ಚಲಿನಲ್ಲಿ ನಡೆಯಬೇಕಾದ ಕೆಲಸ. 2005ರಲ್ಲಿ ಆಕ್ಸಿಟೋಸಿನ್‌ನ ಗ್ರಾಹಕವಿಲ್ಲದ ಚಿಟ್ಟಿಲಿಗಳಲ್ಲಿ ಮರಿಗಳನ್ನು ಎತ್ತಿ ತರುವುದರಲ್ಲಿ ಕೊರತೆ ಕಂಡುಬಂದು ಚಿತ್ರ ಮತ್ತೆ ಜಟಿಲವಾಯಿತು. 2023ರಲ್ಲಿ ಹುಲ್ಲುಗಾವಲಿನ ವೋಲ್ ಎಂಬ ದಂಶಕದಲ್ಲಿ, ಜೋಡಿ ಬಾಂಧವ್ಯಕ್ಕೆ ಆಕ್ಸಿಟೋಸಿನ್ ಅನಿವಾರ್ಯವೆಂದು ಎರಡು ದಶಕಗಳಿಗೂ ಹೆಚ್ಚು ಕಾಲ ನಂಬಲಾಗಿದ್ದ ಜಾತಿಯಲ್ಲೇ, ಗ್ರಾಹಕವಿಲ್ಲದವು ಜೋಡಿ ಕಟ್ಟಿದವು, ಈದವು, ಮರಿಗಳಿಗೆ ಹಾಲೂಡಿಸಿದವು. ಹುಟ್ಟಿನಿಂದಲೇ ಇಲ್ಲದ ವಸ್ತುವಿನ ಕೊರತೆಯನ್ನು ಬೆಳೆಯುವ ಮಿದುಳು ಬೇರೆ ದಾರಿಯಿಂದ ತುಂಬಿಕೊಂಡಿರಬಹುದೆಂಬ ಆಕ್ಷೇಪ ನ್ಯಾಯವಾದುದೇ. ಅದನ್ನು ಒಪ್ಪಿದರೂ, ತಾಯ್ತನ ಒಂದು ಅಣುವಿನ ಮೇಲೆ ನಿಂತಿಲ್ಲವೆಂಬುದು ಆ ಆಕ್ಷೇಪದಿಂದಲೇ ಸಿದ್ಧವಾಗುತ್ತದೆ.

ಇನ್ನು ಆಕ್ರಮಣದ ವಿಷಯ. ತಾಯ್ತನದ ಚರ್ಚೆಯಲ್ಲಿ ಇದನ್ನು ಅನುಬಂಧದಂತೆ ಕೊನೆಗೆ ತಳ್ಳುವುದು ವಾಡಿಕೆ. ವಾಸ್ತವವಾಗಿ ಹಾರ್ಮೋನು ಸಿದ್ಧಾಂತದ ನಿಜವಾದ ಪರೀಕ್ಷೆ ನಡೆಯುವುದು ಇಲ್ಲಿ. ರೊನಾಲ್ಡ್ ಗ್ಯಾಂಡೆಲ್‌ಮನ್ ಅವರು 1972ರಲ್ಲಿ ಚಿಟ್ಟಿಲಿಯಲ್ಲಿಯೂ, ಮೇರಿ ಅರ್ಸ್ಕಿನ್ ಮತ್ತು ಸಂಗಡಿಗರು 1978ರಲ್ಲಿ ಇಲಿಯಲ್ಲಿಯೂ ತಾಯಿಯ ಆಕ್ರಮಣವನ್ನು ವ್ಯವಸ್ಥಿತವಾಗಿ ವರ್ಣಿಸಿದರು. ಮರಿಗಳನ್ನು ಕೆಲವು ಗಂಟೆಗಳ ಕಾಲ ಬೇರ್ಪಡಿಸಿದರೆ ತಾಯಿ ಆಕ್ರಮಣವನ್ನು ಕೈಬಿಡುತ್ತದೆ. ಹಿಂದಿರುಗಿಸಿದರೆ ಮತ್ತೆ ಎರಗುತ್ತದೆ. ಈಯುವ ಮುಂಚೆಯೇ ಮೊಲೆತೊಟ್ಟುಗಳನ್ನು ತೆಗೆದ ಚಿಟ್ಟಿಲಿಯಲ್ಲಿ ಈ ಆಕ್ರಮಣ ಮೂಡುವುದೇ ಇಲ್ಲವೆಂದು ಬ್ರೂಸ್ ಸ್ವೇರ್ ಮತ್ತು ಗ್ಯಾಂಡೆಲ್‌ಮನ್ ತೋರಿಸಿದರು. 1976ರ ಅವರ ಇನ್ನೊಂದು ವರದಿಯ ಪ್ರಕಾರ ಮರಿಗಳು ಮೊಲೆ ಚೀಪುವ ಪ್ರಚೋದನೆ ಸಿಕ್ಕರೆ ಎಂದೂ ಮರಿ ಹಾಕದ ಹೆಣ್ಣು ಚಿಟ್ಟಿಲಿಯೂ ಆಕ್ರಮಣಶೀಲವಾಗುತ್ತದೆ. ಸ್ವೇರ್ ಅವರ ತಂಡ 1982ರಲ್ಲಿ ಪಿಟ್ಯುಟರಿ ಗ್ರಂಥಿ ತೆಗೆದ ತಾಯಿ ಚಿಟ್ಟಿಲಿಗಳೂ ಆಕ್ರಮಣ ಮಾಡುತ್ತವೆಂದು ವರದಿ ಮಾಡಿತು. ಎಂದಮೇಲೆ ತಾಯಿಯನ್ನು ಆಕ್ರಮಣಕ್ಕೆ ಸಜ್ಜುಗೊಳಿಸುವುದರಲ್ಲಿ ಪಿಟ್ಯುಟರಿಯ ಹಾರ್ಮೋನುಗಳಿಗಿಂತ ಮರಿಯ ಬಾಯಿಯ ಪಾಲು ದೊಡ್ಡದು. ಶಿಶು ನಿಷ್ಕ್ರಿಯ, ತಾಯಿಯ ಮಿದುಳು ಸಕ್ರಿಯ ಎಂಬ ಸಾಮಾನ್ಯ ಕಲ್ಪನೆಯನ್ನು ಈ ಸರಳ ಪ್ರಯೋಗಗಳು ಬುಡಮೇಲು ಮಾಡುತ್ತವೆ.

ಮಿದುಳಿನೊಳಗಿನ ಆಕ್ಸಿಟೋಸಿನ್ ಈ ಆಕ್ರಮಣದಲ್ಲಿ ಏನು ಮಾಡುತ್ತದೆ? ಕ್ರೇಗ್ ಫೆರಿಸ್ ಮತ್ತು ಸಂಗಡಿಗರು 1992ರಲ್ಲಿ ತಾಯಿ ಹ್ಯಾಮ್‌ಸ್ಟರ್‌ನ ಅಮಿಗ್ಡಲಕ್ಕೆ ಆಕ್ಸಿಟೋಸಿನ್ ಸೇರಿಸಿದಾಗ ಆಕ್ರಮಣ ಹೆಚ್ಚಿತು. 2005ರಲ್ಲಿ ಬ್ರೆಜಿಲ್‌ನ ಕನ್ಸೀಲಿಯೊ ಮತ್ತು ಸಂಗಡಿಗರು ತಾಯಿ ಇಲಿಯ ಅಮಿಗ್ಡಲದ ಕೇಂದ್ರ ಭಾಗಕ್ಕೆ ಅದನ್ನೇ ಸೇರಿಸಿದಾಗ ಆಕ್ರಮಣ ತಗ್ಗಿತು. ಅದೇ ವರ್ಷ ಜರ್ಮನಿಯ ರೇಗನ್ಸ್‌ಬುರ್ಗ್‌ನ ಆಲಿವರ್ ಬಾಷ್, ಇಂಗಾ ನಾಯ್‌ಮನ್ ಮತ್ತು ಸಂಗಡಿಗರು ಅಂಜುಬುರುಕತನ ಹೆಚ್ಚಿರುವಂತೆಯೂ ಕಡಿಮೆಯಿರುವಂತೆಯೂ ತಲೆಮಾರುಗಳಿಂದ ಆಯ್ದು ಬೆಳೆಸಿದ ಎರಡು ಇಲಿ ತಳಿಗಳನ್ನು ಹೋಲಿಸಿದರು. ಅಂಜುಬುರುಕ ತಳಿಯ ತಾಯಂದಿರೇ ಹೆಚ್ಚು ಆಕ್ರಮಣಕಾರಿಗಳು. ಎರಗುವ ವೇಳೆ ಅವುಗಳ ಹೈಪೊಥಲಾಮಸ್ ಮತ್ತು ಅಮಿಗ್ಡಲಗಳಲ್ಲಿ ಆಕ್ಸಿಟೋಸಿನ್ ಏರಿತ್ತು. ಅದರ ಗ್ರಾಹಕವನ್ನು ತಡೆದಾಗ ಆಕ್ರಮಣ ತಗ್ಗಿತು.

ಒಂದೇ ಅಣು, ಹೆಸರಿನಲ್ಲಿ ಒಂದೇ ಆದ ಮಿದುಳಿನ ಭಾಗ, ವಿರುದ್ಧ ಫಲಿತಾಂಶಗಳು. ಜಾತಿ ಬೇರೆ, ತಳಿ ಬೇರೆ, ಪ್ರಮಾಣ ಬೇರೆ, ಪರೀಕ್ಷೆಯ ವಿಧಾನ ಬೇರೆ ಎಂಬ ಸಮಾಧಾನ ಸಾಮಾನ್ಯವಾಗಿ ಕೇಳಿಬರುತ್ತದೆ. ಅದು ಸರಿಯಾದ ಸಮಾಧಾನವೇ. ಆದರೆ ಅದನ್ನು ಒಪ್ಪಿದ ಮೇಲೆ ‘ಆಕ್ಸಿಟೋಸಿನ್ ಹೀಗೆ ಮಾಡುತ್ತದೆ’ ಎಂಬ ಸಾಮಾನ್ಯ ವಾಕ್ಯವನ್ನು ಬಿಟ್ಟುಕೊಡಬೇಕಾಗುತ್ತದೆ. ಹಾರ್ಮೋನು ಕರ್ತೃಪದವಾಗಿ ನಿಲ್ಲುವ ವಾಕ್ಯರಚನೆಯೇ ಇಲ್ಲಿ ಹೊಂದುವುದಿಲ್ಲ. ರೇಗನ್ಸ್‌ಬುರ್ಗ್ ತಂಡದ ಫಲಿತಾಂಶ ಅಂಜಿಕೆಯ ವಿವರಣೆಯನ್ನೂ ಇಕ್ಕಟ್ಟಿಗೆ ಸಿಲುಕಿಸುತ್ತದೆ. ಅಂಜಿಕೆ ತಗ್ಗಿದ್ದರಿಂದ ತಾಯಿ ಎರಗುತ್ತದೆ ಎಂಬುದು ಅಲ್ಲಿಯವರೆಗಿನ ಜನಪ್ರಿಯ ವಾದ. ಹುಟ್ಟಾ ಅಂಜುಬುರುಕವಾದ ತಳಿಯೇ ಹೆಚ್ಚು ಎರಗುವುದಾದರೆ ಆ ವಾದವನ್ನು ತಿದ್ದಿಕೊಳ್ಳಬೇಕು. ಒತ್ತಡದ ಸ್ಥಿತಿಯಲ್ಲಿ ಮಿದುಳು ಬಿಡುಗಡೆ ಮಾಡುವ ಸಿ.ಆರ್.ಎಫ್. ಎಂಬ ಹಾರ್ಮೋನಿನ ಬಗ್ಗೆ ವಿಸ್ಕಾನ್ಸಿನ್‌ನ ಸ್ಟೀಫನ್ ಗ್ಯಾಮಿ ಅವರ ತಂಡ 2004ರಲ್ಲಿ ನಡೆಸಿದ ಪ್ರಯೋಗ ಇಲ್ಲಿ ಹೆಚ್ಚು ಸ್ಪಷ್ಟ ಬೆಳಕು ಬೀರುತ್ತದೆ. ಅದನ್ನು ತಾಯಿ ಚಿಟ್ಟಿಲಿಯ ಮಿದುಳಿಗೆ ಸೇರಿಸಿದಾಗ ಆಕ್ರಮಣ ಕುಗ್ಗಿತು. ಮರಿಗಳ ಆರೈಕೆ ಮಾತ್ರ ಮೊದಲಿನಂತೆಯೇ ನಡೆಯಿತು. ಎರಡು ವರ್ತನೆಗಳು ಒಟ್ಟಿಗೆ ಬರುತ್ತವೆ, ಆದರೆ ಒಂದೇ ದಾರದಿಂದ ಕಟ್ಟಿದವಲ್ಲ.

‘ಆಕ್ರಮಣ’ ಎಂಬ ಪದವನ್ನೂ ಪರಿಶೀಲಿಸುವುದು ಒಳ್ಳೆಯದು. ಪ್ರಬಂಧಗಳ ಪೀಠಿಕೆಯಲ್ಲಿ ಈ ವರ್ತನೆ ‘ಮರಿಗಳ ರಕ್ಷಣೆ’. ಫಲಿತಾಂಶದ ಕೋಷ್ಟಕಕ್ಕೆ ಬಂದಾಗ ಅದು ‘ಆಕ್ರಮಣ’ - ಎಷ್ಟು ಬಾರಿ ಕಚ್ಚಿತು, ಎಷ್ಟು ಸೆಕೆಂಡುಗಳಲ್ಲಿ ಎರಗಿತು ಎಂಬ ಎಣಿಕೆ. ಎಣಿಸಿದ್ದು ಕಚ್ಚುವಿಕೆಯನ್ನು, ರಕ್ಷಣೆಯೆಂಬುದು ಸಂಶೋಧಕರ ವ್ಯಾಖ್ಯಾನ. ಗಂಡು ಮರಿಗಳನ್ನು ಕೊಲ್ಲುವ ಸಂದರ್ಭಗಳಿವೆಯಾದ್ದರಿಂದ ಆ ವ್ಯಾಖ್ಯಾನ ನಿರಾಧಾರವಲ್ಲ. ಆದರೆ ತಾಯಿಯ ಆರೈಕೆಯನ್ನು ‘ಪ್ರೀತಿ’ ಎಂದೂ ಅದರ ಕಚ್ಚುವಿಕೆಯನ್ನು ‘ಆಕ್ರಮಣ’ ಎಂದೂ ಹೆಸರಿಸಿ, ಬಳಿಕ ಒಂದೇ ಹಾರ್ಮೋನು ಎರಡರಲ್ಲೂ ಕಂಡಾಗ ವಿರೋಧಾಭಾಸವೆಂದು ಬೆರಗಾಗುವುದರಲ್ಲಿ ಅರ್ಥವಿಲ್ಲ. ವಿರೋಧ ಇರುವುದು ಹೆಸರುಗಳಲ್ಲಿ.

ಇತ್ತೀಚಿನ ಸಂಶೋಧನೆ ಹಾರ್ಮೋನುಗಳಿಂದ ನರಮಂಡಲಗಳತ್ತ ಹೊರಳಿದೆ. 2014ರಲ್ಲಿ ಕ್ಯಾಥರೀನ್ ಡ್ಯುಲಾಕ್ ಅವರ ತಂಡ, ನ್ಯೂಮನ್ ಗುರುತಿಸಿದ್ದ ಅದೇ ವಲಯದಲ್ಲಿ ಗ್ಯಾಲನಿನ್ ತಯಾರಿಸುವ ನರಕೋಶಗಳನ್ನು ಚುರುಕುಗೊಳಿಸಿದಾಗ ಮರಿಗಳನ್ನು ಕೊಲ್ಲುವ ಗಂಡು ಚಿಟ್ಟಿಲಿಯೂ ಅವುಗಳನ್ನು ನೆಕ್ಕತೊಡಗಿತು. 2017ರಲ್ಲಿ ಡಾಯು ಲಿನ್ ಅವರ ತಂಡ ತಾಯಿಯ ಆಕ್ರಮಣಕ್ಕೆ ಹೈಪೊಥಲಾಮಸ್‌ನ ಬೇರೊಂದು ಭಾಗದ, ಈಸ್ಟ್ರೊಜೆನ್ ಗ್ರಾಹಕವುಳ್ಳ ನರಕೋಶಗಳು ಬೇಕೆಂದು ತೋರಿಸಿತು. 2023ರಲ್ಲಿ ಲಂಡನ್ನಿನ ಯೊಹಾನೆಸ್ ಕೋಲ್ ಅವರ ತಂಡ ಗಬ್ಬದ ಅವಧಿಯಲ್ಲಿ ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟರಾನ್‌ಗಳು ಆ ಗ್ಯಾಲನಿನ್ ನರಕೋಶಗಳನ್ನು ಈಯುವ ಮೊದಲೇ ಮಾರ್ಪಡಿಸುತ್ತವೆಂದು ವಿವರಿಸಿತು. ಇವು ಮಹತ್ವದ ಮುನ್ನಡೆಗಳು. ಗಂಡಿನಲ್ಲೂ ಆ ನರಕೋಶಗಳಿವೆ ಎಂಬುದು 1967ರ ಪ್ರಬಂಧದ ತಾತ್ಪರ್ಯವನ್ನು ಅರ್ಧ ಶತಮಾನದ ನಂತರ ಎತ್ತಿಹಿಡಿದಂತಾಯಿತು.

ಇಲಿಯ ಪಂಜರದಿಂದ ಮನುಷ್ಯರ ಮನೆಗೆ ಈ ಜ್ಞಾನ ದಾಟಿದ ಬಗೆ ಹೆಚ್ಚು ಚಿಂತೆಗೆ ಕಾರಣ. 2005ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ, ಮೂಗಿಗೆ ಸಿಂಪಡಿಸಿದ ಆಕ್ಸಿಟೋಸಿನ್ ಮನುಷ್ಯರಲ್ಲಿ ನಂಬಿಕೆಯನ್ನು ಹೆಚ್ಚಿಸುತ್ತದೆಂಬ ವರದಿ ಜಗತ್ತಿನಾದ್ಯಂತ ಸುದ್ದಿಯಾಯಿತು. 2020ರಲ್ಲಿ, ವಿಧಾನವನ್ನು ಮುಂಚಿತವಾಗಿ ನೋಂದಾಯಿಸಿ ನಡೆಸಿದ ಮರುಪರೀಕ್ಷೆಯಲ್ಲಿ ನಂಬಿಕೆಯ ಮೇಲೆ ಅಂಥ ಒಟ್ಟಾರೆ ಪರಿಣಾಮ ಕಾಣಲಿಲ್ಲ. ಅದು ಅಷ್ಟು ಸುದ್ದಿಯಾಗಲಿಲ್ಲ. ಕನ್ನಡದಲ್ಲಿ ಈ ಸಂಗತಿಗೆ ಇನ್ನೊಂದು ಮುಖವಿದೆ. ‘ಹೆತ್ತ ಕರುಳು’ ಎಂಬ ನುಡಿ ತಾಯ್ತನವನ್ನು ಹೆರುವ ದೇಹದಲ್ಲಿ ನೆಲೆಗೊಳಿಸುತ್ತದೆ. ‘ಮಮತೆಯ ಹಾರ್ಮೋನು’ ಎಂಬ ಹೊಸ ನುಡಿ ಆ ಹಳೆಯ ನಂಬಿಕೆಯನ್ನು ಕರುಳಿನಿಂದ ಮಿದುಳಿಗೆ ಸ್ಥಳಾಂತರಿಸಿ ವಿಜ್ಞಾನದ ಮುದ್ರೆ ಒತ್ತುತ್ತದೆ. ಆದರೆ ಅದೇ ಕನ್ನಡದಲ್ಲಿ ‘ಸಾಕುತಾಯಿ’ ಎಂಬ ಮಾತೂ ಇದೆ. ಯಶೋದೆಯನ್ನು ಕೃಷ್ಣನ ತಾಯಿಯೆಂದು ಹಾಡುವ ಪರಂಪರೆಗೆ ದೇವಕಿ ಅಡ್ಡಿಯಾಗಿಲ್ಲ. ಹೆರಿಗೆಯಾದ ಮೊದಲ ದಿನಗಳಲ್ಲಿ ಮಗುವಿನ ಬಗ್ಗೆ ಒಲವು ಮೂಡದೆ ಕಳವಳಗೊಳ್ಳುವ ಬಾಣಂತಿ, ಶಸ್ತ್ರಚಿಕಿತ್ಸೆಯ ಹೆರಿಗೆಯಾದವಳು, ದತ್ತು ಪಡೆದವಳು, ತಾಯಿಯಿಲ್ಲದ ಕೂಸನ್ನು ಬೆಳೆಸುವ ತಂದೆ ಅಥವಾ ಅಜ್ಜಿ - ಇವರಲ್ಲಿ ಏನೋ ರಾಸಾಯನಿಕದ ಕೊರತೆಯಿದೆ ಎಂದು ಸೂಚಿಸುವ ಬರಹಕ್ಕೆ ಇಲಿಗಳ ಮೇಲಿನ ಸಂಶೋಧನೆಯಿಂದ ಬೆಂಬಲ ದೊರೆಯುವುದಿಲ್ಲ. ಅದು ಹೇಳುವುದು ಬಹುಮಟ್ಟಿಗೆ ಇದಕ್ಕೆ ವಿರುದ್ಧವಾದುದನ್ನೇ: ಹತ್ತಿರ ಇದ್ದ ಇಲಿಗಳು, ಹೆರದಿದ್ದರೂ, ಗಂಡಾಗಿದ್ದರೂ, ಕೆಲವು ದಿನಗಳಲ್ಲಿ ಮರಿಗಳನ್ನು ಸಾಕತೊಡಗಿದವು.

ಈ ಕ್ಷೇತ್ರದ ಬಹುಪಾಲು ಜ್ಞಾನ ಅಮೆರಿಕ ಮತ್ತು ಯೂರೋಪುಗಳಲ್ಲಿ ತಲೆಮಾರುಗಳಿಂದ ಪಂಜರದಲ್ಲೇ ಬೆಳೆಸಿದ ಕೆಲವೇ ತಳಿಗಳಿಂದ ಬಂದದ್ದು. ತಾಯಿ–ಮರಿಗಳ ಸಂಬಂಧವನ್ನು ಹೊಲದ ಪ್ರಾಣಿಯಲ್ಲಿ ನೋಡಿದ ಒಂದು ಗಣ್ಯ ಉದಾಹರಣೆ ಭಾರತದಲ್ಲೇ ಇದೆ. ಮದುರೈನಲ್ಲಿ ಎನ್. ವಿಶ್ವನಾಥನ್ ಮತ್ತು ಎಂ.ಕೆ. ಚಂದ್ರಶೇಖರನ್ - ಇವರು ಮುಂದೆ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡಿದರು - ಭಾರತದ ಹೊಲಗಳ ಚಿಟ್ಟಿಲಿಯಾದ ಮಸ್ ಬೂದುಗವನ್ನು ಆಯ್ದುಕೊಂಡು 1985ರಲ್ಲಿ ‘ನೇಚರ್’ನಲ್ಲಿ ಪ್ರಕಟಿಸಿದ ಅಧ್ಯಯನವದು. ಹಗಲು ರಾತ್ರಿಗಳ ಸುಳಿವು ಸಿಗದಂತೆ ಇರಿಸಿದ ಮರಿಗಳ ಬಳಿಗೆ ತಾಯಿಯನ್ನು ನಿಯತ ಕಾಲಕ್ಕೆ ಬಿಟ್ಟು, ನಿಯತ ಕಾಲಕ್ಕೆ ತೆಗೆಯಲಾಯಿತು. ತಾಯಿಯ ಈ ಬರುವಿಕೆ ಹೋಗುವಿಕೆಗಳಿಗೆ ಮರಿಗಳ ದೇಹದ ಗಡಿಯಾರ ಹೊಂದಿಕೊಂಡಿತು. ಮರಿಯ ಬಾಯಿ ತಾಯಿಯ ಮಿದುಳನ್ನು ಬದಲಿಸುವುದನ್ನು ಸ್ವೇರ್ ತೋರಿಸಿದ್ದರೆ, ತಾಯಿಯ ಇರವು ಮರಿಯ ಮಿದುಳಿಗೆ ಹೊತ್ತನ್ನು ತಿಳಿಸುವುದನ್ನು ಈ ಅಧ್ಯಯನ ತೋರಿಸಿತು. ಇಲ್ಲಿ ಯಾವ ಹಾರ್ಮೋನನ್ನೂ ಚುಚ್ಚಿರಲಿಲ್ಲ. ಅಳೆದದ್ದು ಮರಿಗಳ ಓಡಾಟದ ವೇಳೆಯನ್ನು ಮಾತ್ರ.